ವಿಂಡೋಸ್‌ನಲ್ಲಿ ಸಿಗುವ ಫೈಲ್ ಲಿನಕ್ಸ್‌ನಲ್ಲಿ ಯಾಕೆ ಸಿಗುವುದಿಲ್ಲ?

ಪ್ರಶ್ನೆ: ಹಳೆಯ ಜಮೀನು ದಾಖಲೆಗಳ ಸ್ಕ್ಯಾನ್ ಪ್ರತಿಗಳನ್ನು ಜೋಡಿಸಿಡುವ ಒಂದು ಪ್ರೋಗ್ರಾಂ ಅನ್ನು ನಾವು ಮೂವರು ಸೇರಿ ಪೈಥಾನ್‌ನಲ್ಲಿ ಬರೆದಿದ್ದೇವೆ. ಎರಡು ವರ್ಷ ವಿಂಡೋಸ್‌ನಲ್ಲಿ ಚೆನ್ನಾಗಿಯೇ ನಡೆಯಿತು. ಈಗ ಉಬುಂಟು ಸರ್ವರ್‌ಗೆ ಹಾಕಿದ್ದೇವೆ, ಒಬ್ಬರು ಮ್ಯಾಕ್‌ನಿಂದ ಕೆಲಸ ಮಾಡುತ್ತಾರೆ. ಪ್ರತಿ ಫೈಲಿನ ಪೂರ್ತಿ ಪಾಥ್ ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿದೆ. ಸರ್ವರ್‌ನಲ್ಲಿ ಹಳೆಯ ಫೈಲ್ ಒಂದೂ ತೆರೆಯುತ್ತಿಲ್ಲ. ಹೊಸದಾಗಿ ಸೇವ್ ಮಾಡಿದವು ಪ್ರೋಗ್ರಾಂ ಇರುವ ಜಾಗದಲ್ಲೇ ವಿಚಿತ್ರ ಹೆಸರಿನಲ್ಲಿ ಬಿದ್ದಿವೆ. ಮ್ಯಾಕ್‌ನಿಂದ ಬಂದ ಕೆಲವು ಫೈಲ್‌ಗಳ ಹೆಸರು ಕಣ್ಣಿಗೆ ಒಂದೇ ಥರ ಕಂಡರೂ ಹುಡುಕಿದರೆ ಸಿಗುವುದಿಲ್ಲ. ಬ್ಯಾಕ್‌ಸ್ಲ್ಯಾಶ್ (\) ಇರುವಲ್ಲೆಲ್ಲ ಸ್ಲ್ಯಾಶ್ (/) ಹಾಕಿದರೆ ಸಾಕೇ?

ಉತ್ತರ: ಸಾಲದು. ಅದರಿಂದ ನಿಮ್ಮ ಮೂರು ತೊಂದರೆಗಳಲ್ಲಿ ಒಂದರ ಅರ್ಧ ಮಾತ್ರ ನೀಗುತ್ತದೆ. ನೀವು ಡೇಟಾಬೇಸ್‌ನ ಒಂದೇ ಕಾಲಮ್‌ನಲ್ಲಿ ಮೂರು ಬೇರೆ ಬೇರೆ ಸಂಗತಿಗಳನ್ನು ತುರುಕಿದ್ದೀರಿ: ಕಡತಗಳ ರಾಶಿ ಈ ಯಂತ್ರದಲ್ಲಿ ಎಲ್ಲಿದೆ, ಆ ರಾಶಿಯೊಳಗೆ ಈ ಫೈಲ್ ಎಲ್ಲಿದೆ, ಜನ ಇದನ್ನು ಏನೆಂದು ಕರೆಯುತ್ತಾರೆ. ಮೊದಲನೆಯದು ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ. ಎರಡನೆಯದು ಎಲ್ಲಿಗೆ ಹೋದರೂ ಬದಲಾಗಬಾರದು. ಮೂರನೆಯದಕ್ಕೂ ಫೈಲ್ ಸಿಸ್ಟಂಗೂ ನಂಟೇ ಇರಬೇಕಿಲ್ಲ. ಈ ಮೂರನ್ನು ಬಿಡಿಸಿದರೆ ಉಳಿದದ್ದು ಶಿಸ್ತಿನ ಕೆಲಸ, ಕಷ್ಟದ ಕೆಲಸವಲ್ಲ.

ನಿಮ್ಮ ಡೇಟಾಬೇಸ್‌ನ ಒಂದು ಸಾಲು ಹೀಗಿದೆ ಎಂದುಕೊಳ್ಳೋಣ:

ಡಿ:\ಕಡತಗಳು\ಕೋಲಾರ\2019\ಸರ್ವೆ 114-2.ಪಿಡಿಎಫ್

ವಿಂಡೋಸ್ ಇದನ್ನು ಒಂದು ಡ್ರೈವ್, ಮೂರು ಫೋಲ್ಡರ್, ಒಂದು ಫೈಲ್ ಎಂದು ಓದುತ್ತದೆ. ಲಿನಕ್ಸ್ ಇಡೀ ಸಾಲನ್ನು ಒಂದೇ ಫೈಲಿನ ಹೆಸರು ಎಂದು ಓದುತ್ತದೆ, ಏಕೆಂದರೆ ಅದರಲ್ಲಿ ಎಲ್ಲೂ ಸ್ಲ್ಯಾಶ್ ಇಲ್ಲ. ಲಿನಕ್ಸ್‌ನ ಸಾಮಾನ್ಯ ಫೈಲ್ ಸಿಸ್ಟಂಗಳಲ್ಲಿ ಹೆಸರಿನೊಳಗೆ ಬರಬಾರದ್ದು ಎರಡೇ: ಸ್ಲ್ಯಾಶ್ ಮತ್ತು ಸೊನ್ನೆ ಮೌಲ್ಯದ ಬೈಟ್. ಬ್ಯಾಕ್‌ಸ್ಲ್ಯಾಶ್ ಆಗಲಿ ಕೋಲನ್ ಆಗಲಿ ಅದಕ್ಕೆ ಬೇರೆ ಅಕ್ಷರಗಳ ಹಾಗೆ ಇನ್ನೊಂದು ಅಕ್ಷರ. ಹಾಗಾಗಿ ಓದಲು ಹೋದರೆ "ಅಂಥ ಫೈಲ್ ಇಲ್ಲ" ಎನ್ನುತ್ತದೆ. ಬರೆಯಲು ಹೋದರೆ, ಒಂದು ದೂರೂ ಇಲ್ಲದೆ, ಪ್ರೋಗ್ರಾಂ ಆಗ ನಿಂತಿರುವ ಡೈರೆಕ್ಟರಿಯಲ್ಲಿ ಆ ಇಡೀ ಸಾಲನ್ನೇ ಹೆಸರಾಗಿಟ್ಟು ಫೈಲ್ ಸೃಷ್ಟಿಸುತ್ತದೆ. ನಿಮ್ಮ "ವಿಚಿತ್ರ ಹೆಸರಿನ" ಫೈಲ್‌ಗಳು ಇವೇ. ಕಳೆದುಹೋಗಿಲ್ಲ, ಒಳಗಿನ ಮಾಹಿತಿ ಸರಿಯಾಗಿಯೇ ಇದೆ. ಆಮೇಲೆ ಹೇಳುವ ಸ್ಕ್ರಿಪ್ಟ್‌ನಿಂದಲೇ ಇವನ್ನೂ ಜಾಗಕ್ಕೆ ಸೇರಿಸಬಹುದು. ಟರ್ಮಿನಲ್‌ನಲ್ಲಿ ಕೈಯಿಂದ ಸರಿಸಲು ಹೋಗಬೇಡಿ. ಅಲ್ಲಿ ಕಮಾಂಡ್ ಓದುವ ಶೆಲ್‌ಗೆ ಬ್ಯಾಕ್‌ಸ್ಲ್ಯಾಶ್‌ನ ಅರ್ಥವೇ ಬೇರೆ.

ಈ ಎರಡು ಗೆರೆಗಳ ಜಗಳ ಹಳೆಯದು. 1981ರ ಮೊದಲ ಡಾಸ್‌ನಲ್ಲಿ ಫೋಲ್ಡರ್‌ಗಳೇ ಇರಲಿಲ್ಲ. ಕಮಾಂಡ್‌ಗೆ ಕೊಡುವ ಸ್ವಿಚ್‌ಗಳಿಗೆ, ಅಂದರೆ ಆಯ್ಕೆಗಳಿಗೆ, ಸ್ಲ್ಯಾಶ್ ಬಳಕೆಯಾಗುತ್ತಿತ್ತು. 1983ರ ಡಾಸ್ 2.0ರಲ್ಲಿ ಫೋಲ್ಡರ್‌ಗಳು ಬಂದಾಗ ಯುನಿಕ್ಸ್‌ನ ಸ್ಲ್ಯಾಶ್ ಆಗಲೇ ಖರ್ಚಾಗಿತ್ತು, ಪಕ್ಕದ ಬ್ಯಾಕ್‌ಸ್ಲ್ಯಾಶ್ ಸಿಕ್ಕಿತು. ನಮಗೆ ಉಪಯೋಗಕ್ಕೆ ಬರುವ ಸಂಗತಿ ಏನೆಂದರೆ, ವಿಂಡೋಸ್‌ನ ಫೈಲ್ ತೆರೆಯುವ ಫಂಕ್ಷನ್‌ಗಳು ಸ್ಲ್ಯಾಶ್ ಅನ್ನೂ ಒಪ್ಪುತ್ತವೆ. ಒಪ್ಪದಿರುವುದು ಮುಖ್ಯವಾಗಿ ಎರಡು ಕಡೆ: \\?\ ಎಂದು ಶುರುವಾಗುವ ಉದ್ದ ಪಾಥ್‌ಗಳಲ್ಲಿ, ಮತ್ತು ಸ್ಲ್ಯಾಶ್ ಕಂಡರೆ ಸ್ವಿಚ್ ಎಂದುಕೊಳ್ಳುವ ಹಳೆಯ ಕಮಾಂಡ್‌ಗಳಲ್ಲಿ. ಹಾಗಾಗಿ ನಿಮ್ಮ ಪ್ರೋಗ್ರಾಂ ಒಳಗೆ, ಡೇಟಾಬೇಸ್‌ನಲ್ಲಿ, ಜಿಪ್ ಫೈಲ್‌ನಲ್ಲಿ, ಎಲ್ಲೆಲ್ಲೂ ಸ್ಲ್ಯಾಶ್ ಮಾತ್ರ ಇರಲಿ. ಬ್ಯಾಕ್‌ಸ್ಲ್ಯಾಶ್ ಬೇಕಾಗುವುದು ವಿಂಡೋಸ್ ಬಳಕೆದಾರರಿಗೆ ಪರದೆಯ ಮೇಲೆ ಪಾಥ್ ತೋರಿಸುವಾಗ ಮಾತ್ರ.

ಕೋಡ್‌ನಲ್ಲಿ ಪಾಥ್ ಅನ್ನು ನೇರ ಬರೆದಿದ್ದರೆ ಇನ್ನೊಂದು ಬಲೆ ಇದೆ. ಇಂಗ್ಲಿಷ್ ಹೆಸರಿನ ಫೋಲ್ಡರ್‌ಗಳಲ್ಲಿ ಬ್ಯಾಕ್‌ಸ್ಲ್ಯಾಶ್ ಮುಂದೆ ಸಣ್ಣ ಎನ್ ಬಂದರೆ ಹೊಸ ಸಾಲು, ಸಣ್ಣ ಟಿ ಬಂದರೆ ಟ್ಯಾಬ್ ಆಗುವುದು ಎಲ್ಲರಿಗೂ ಗೊತ್ತು. ಕನ್ನಡ ಹೆಸರಿಟ್ಟವರು ಇದರಿಂದ ಪಾರು ಎನಿಸುತ್ತದೆ. ಬ್ಯಾಕ್‌ಸ್ಲ್ಯಾಶ್ ಮುಂದೆ ಕನ್ನಡ ಅಕ್ಷರ ಬಂದರೆ ಪೈಥಾನ್ ಎರಡನ್ನೂ ಇದ್ದಂತೆ ಬಿಡುತ್ತದೆ, 3.12ರಿಂದ ಈಚೆಗೆ ಒಂದು ಎಚ್ಚರಿಕೆ ಕೊಡುತ್ತದೆ, ಅಷ್ಟೆ. ಆದರೆ ವರ್ಷದ ಫೋಲ್ಡರ್ ನೋಡಿ. "ಕೋಲಾರ\2019" ಎಂದು ಮಾಮೂಲಿ ಸ್ಟ್ರಿಂಗ್‌ನಲ್ಲಿ ಬರೆದರೆ ಪೈಥಾನ್ \201 ಎಂಬುದನ್ನು ಆಕ್ಟಲ್ (ಎಂಟರ ಪದ್ಧತಿಯ) ಸಂಖ್ಯೆ ಎಂದು ಹಿಡಿದು, ಕಣ್ಣಿಗೆ ಕಾಣದ ಒಂದು ನಿಯಂತ್ರಣ ಸಂಕೇತ ಮಾಡಿ, ಅದರ ಪಕ್ಕ 9 ಇಡುತ್ತದೆ. ಎಚ್ಚರಿಕೆಯೂ ಬರುವುದಿಲ್ಲ, ಏಕೆಂದರೆ ಅದು ಭಾಷೆಯ ನಿಯಮದ ಪ್ರಕಾರ ಸರಿ. ಫೋಲ್ಡರ್ ಸೃಷ್ಟಿಸುವ ಸಾಲು ಮುಂದೆ ಇದ್ದರೆ "ಕೋಲಾರ9" ಎಂಬಂತೆ ಕಾಣುವ ಒಂದು ಫೋಲ್ಡರ್ ಹುಟ್ಟಿರುತ್ತದೆ. ನಿಮ್ಮ ಡಿ ಡ್ರೈವ್‌ನಲ್ಲಿ ಅಂಥದ್ದೇನಾದರೂ ಇದೆಯೇ ಎಂದು ಒಮ್ಮೆ ಕಣ್ಣಾಡಿಸಿ.

ಈಗ ಡೇಟಾಬೇಸ್ ತಿದ್ದುವ ಕೆಲಸ. ಮೊದಲು ಡೇಟಾಬೇಸ್‌ನ ಪ್ರತಿ ಮಾಡಿಕೊಂಡು ಪ್ರತಿಯ ಮೇಲೆ ಕೆಲಸ ಮಾಡಿ. ಪಾಥ್‌ಲಿಬ್ ಮಾಡ್ಯೂಲ್‌ನಲ್ಲಿ ಪ್ಯೂರ್‌ವಿಂಡೋಸ್‌ಪಾಥ್ ಎಂಬ ಕ್ಲಾಸ್ ಇದೆ. ಅದು ಡಿಸ್ಕ್ ಅನ್ನು ಮುಟ್ಟುವುದಿಲ್ಲ, ವಿಂಡೋಸ್ ನಿಯಮದ ಪ್ರಕಾರ ಹೆಸರನ್ನು ಬಿಡಿಸಿ ಕೊಡುತ್ತದೆ, ಹಾಗಾಗಿ ಲಿನಕ್ಸ್‌ನಲ್ಲೂ ಓಡುತ್ತದೆ. ಪ್ರತಿ ಸಾಲನ್ನು ಅದಕ್ಕೆ ಕೊಟ್ಟು, ಹಳೆಯ ಬುಡವಾದ ಡಿ:\ಕಡತಗಳು ಎಂಬುದಕ್ಕೆ ಹೋಲಿಸಿ ರಿಲೇಟಿವ್‌ಟು ಮೆಥಡ್‌ನಿಂದ ಉಳಿದ ಭಾಗ ತೆಗೆಯಿರಿ, ಆ್ಯಸ್‌ಪೋಸಿಕ್ಸ್ ಮೆಥಡ್‌ನಿಂದ ಸ್ಲ್ಯಾಶ್ ರೂಪಕ್ಕೆ ತನ್ನಿ. ಉಳಿಯುವುದು ಇಷ್ಟು:

ಕೋಲಾರ/2019/ಸರ್ವೆ 114-2.ಪಿಡಿಎಫ್

ಡೇಟಾಬೇಸ್‌ನಲ್ಲಿ ಇರಬೇಕಾದ್ದು ಇದು ಮಾತ್ರ. ಬುಡ ಯಾವುದು ಎಂಬುದು ಆಯಾ ಯಂತ್ರದ ಸೆಟ್ಟಿಂಗ್ಸ್ ಫೈಲಿನಲ್ಲಿರಲಿ. ಫೈಲ್ ತೆರೆಯುವ ಕ್ಷಣದಲ್ಲಿ ಎರಡನ್ನೂ ಜೋಡಿಸಿ. ಒಂದೇ ಬುಡ ಇರುತ್ತದೆ ಎಂದುಕೊಳ್ಳಬೇಡಿ. ಒಬ್ಬರು ಡಿ ಡ್ರೈವ್‌ನಿಂದ, ಇನ್ನೊಬ್ಬರು ಅದೇ ಫೋಲ್ಡರ್ ಅನ್ನು ನೆಟ್‌ವರ್ಕ್‌ನಲ್ಲಿ \\ಕಚೇರಿ\ಕಡತಗಳು ಎಂದು ತೆರೆದು ಸೇವ್ ಮಾಡಿರುತ್ತಾರೆ. ಬುಡಗಳ ಒಂದು ಪಟ್ಟಿ ಇಟ್ಟುಕೊಂಡು ಒಂದೊಂದಾಗಿ ಹೋಲಿಸಿ. ಯಾವ ಬುಡಕ್ಕೂ ಹೊಂದದಿದ್ದರೆ ರಿಲೇಟಿವ್‌ಟು ವ್ಯಾಲ್ಯೂಎರರ್ ಎಸೆಯುತ್ತದೆ. ಅದನ್ನು ನುಂಗದೆ ಬೇರೆ ಪಟ್ಟಿಗೆ ಬರೆಯಿರಿ. ಮೊದಲ ಓಟದಲ್ಲಿ ಏನನ್ನೂ ಬದಲಿಸದೆ ಮೂರು ಲೆಕ್ಕ ಮಾತ್ರ ತೆಗೆಯುವುದು ಒಳ್ಳೆಯದು: ಸರಿಯಾಗಿ ಬಂದವು ಎಷ್ಟು, ಯಾವ ಬುಡಕ್ಕೂ ಸೇರದವು ಎಷ್ಟು, ಪಾಥ್ ಸರಿಯಿದ್ದೂ ಡಿಸ್ಕ್‌ನಲ್ಲಿ ಫೈಲ್ ಇಲ್ಲದವು ಎಷ್ಟು. ಮೂರನೆಯ ಸಂಖ್ಯೆ ಸೊನ್ನೆ ಬರುವುದು ಅಪರೂಪ.

ಜೋಡಿಸುವಾಗ ಒಂದು ಎಚ್ಚರ. ಪಾಥ್‌ಲಿಬ್ ಆಗಲಿ ಓಎಸ್.ಪಾಥ್ ಆಗಲಿ, ಎರಡನೆಯ ಭಾಗ ಸ್ಲ್ಯಾಶ್‌ನಿಂದ ಶುರುವಾದರೆ ಮೊದಲನೆಯದನ್ನು ಪೂರ್ತಿ ಬಿಸಾಕುತ್ತವೆ. ಬುಡಕ್ಕೆ "/ಕೋಲಾರ" ಸೇರಿಸಿದರೆ ಸಿಗುವುದು ಬರೀ "/ಕೋಲಾರ". ಹೊರಗಿನಿಂದ, ಅಂದರೆ ಅಪ್‌ಲೋಡ್ ಅಥವಾ ಸಿಎಸ್‌ವಿಯಿಂದ ಬಂದ ಹೆಸರಾದರೆ ಇದು ಸುರಕ್ಷತೆಯ ಪ್ರಶ್ನೆ. ಅಪ್‌ಲೋಡ್ ಹೆಸರಿನಿಂದ ಕೊನೆಯ ತುಂಡನ್ನು ತೆಗೆಯಲು ಲಿನಕ್ಸ್‌ನಲ್ಲೂ ಪ್ಯೂರ್‌ವಿಂಡೋಸ್‌ಪಾಥ್ ಅನ್ನೇ ಬಳಸಿ, ಅದು ಎರಡೂ ಗೆರೆಗಳಲ್ಲಿ ಕತ್ತರಿಸುತ್ತದೆ. ಲಿನಕ್ಸ್‌ನ ಮಾಮೂಲಿ ಬೇಸ್‌ನೇಮ್ ಬ್ಯಾಕ್‌ಸ್ಲ್ಯಾಶ್ ಅನ್ನು ಕಂಡೂ ಕಾಣದ ಹಾಗೆ ಬಿಡುತ್ತದೆ. ಜೋಡಿಸಿದ ಮೇಲೆ ರಿಸಾಲ್ವ್ ಮೆಥಡ್‌ನಿಂದ ನಿಜವಾದ ಪೂರ್ತಿ ಪಾಥ್ ತೆಗೆದು, ಫಲಿತಾಂಶ ಬುಡದೊಳಗೇ ಇದೆಯೇ ಎಂದು ಈಸ್‌ರಿಲೇಟಿವ್‌ಟು ಮೆಥಡ್‌ನಿಂದ ನೋಡಿ, ಪೈಥಾನ್ 3.9ರಿಂದ ಇದೆ. ಸ್ಟ್ರಿಂಗ್ ಇಂಥದರಿಂದ ಶುರುವಾಗುತ್ತದೆಯೇ ಎಂಬ ಪರೀಕ್ಷೆ ಬೇಡ: "/ಕಡತಗಳು-ಹಳೆಯದು" ಕೂಡ "/ಕಡತಗಳು" ಎಂದೇ ಶುರುವಾಗುತ್ತದೆ.

ಇನ್ನು ಹೆಸರಿನ ಮಾತು. ನಿಮ್ಮ ಕೆಲಸದಲ್ಲಿ ನಿಜವಾದ ತಲೆನೋವು ಇಲ್ಲೇ ಇದೆ, ಏಕೆಂದರೆ ಜಮೀನು ದಾಖಲೆಯ ಹೆಸರುಗಳು ಫೈಲ್ ಸಿಸ್ಟಂಗಳಿಗೆ ಹಿಡಿಸದ ಚಿಹ್ನೆಗಳಿಂದಲೇ ಆಗಿವೆ. ಸರ್ವೆ ನಂಬರ್ 114/2ರಲ್ಲಿ ಸ್ಲ್ಯಾಶ್ ಇದೆ. ಪಹಣಿಯಲ್ಲಿ ಸರ್ವೆ ನಂಬರ್, ಸರ್ನಾಕ್, ಹಿಸ್ಸಾ ಮೂರೂ ಸೇರಿ 114/*/2 ಎಂದು ಬಂದರೆ ನಕ್ಷತ್ರವೂ ಸೇರಿತು. ವಿಂಡೋಸ್‌ನಲ್ಲಿ ಫೈಲ್ ಹೆಸರಿಗೆ ಬರಬಾರದ ಚಿಹ್ನೆಗಳು ಒಂಬತ್ತು: < > : " / \ | ? *. ಇವುಗಳ ಜೊತೆಗೆ 0ರಿಂದ 31ರವರೆಗಿನ ನಿಯಂತ್ರಣ ಸಂಕೇತಗಳೂ ನಿಷಿದ್ಧ. ಹೆಸರಿನ ಕೊನೆಯಲ್ಲಿ ಚುಕ್ಕೆ ಅಥವಾ ಖಾಲಿ ಜಾಗ ಇದ್ದರೆ ವಿಂಡೋಸ್ ಸದ್ದಿಲ್ಲದೆ ಅದನ್ನು ಕಿತ್ತು ಹಾಕುತ್ತದೆ. "ಸರ್ವೆ ನಂ." ಎಂದು ಲಿನಕ್ಸ್‌ನಲ್ಲಿ ಮಾಡಿದ ಫೋಲ್ಡರ್ ವಿಂಡೋಸ್‌ಗೆ ಹೋದಾಗ ತೆರೆಯದಿರಲು ಕಾರಣ ಕೊನೆಯ ಆ ಚುಕ್ಕೆ.

ಮ್ಯಾಕ್‌ನದು ಇನ್ನೂ ಸ್ವಾರಸ್ಯ. ಅಲ್ಲಿ ಫೈಂಡರ್‌ನಲ್ಲಿ ಫೈಲಿಗೆ 114/2 ಎಂದೇ ಹೆಸರಿಡಬಹುದು. ಫೈಂಡರ್ ಸ್ಲ್ಯಾಶ್ ತೋರಿಸುತ್ತದೆ, ಕೆಳಗೆ ಯುನಿಕ್ಸ್ ಮಟ್ಟದಲ್ಲಿ ಅದು 114:2 ಎಂದಿರುತ್ತದೆ. ಅದೇ ಫೈಲ್ ನಿಮ್ಮ ಉಬುಂಟುಗೆ ಬಂದಾಗ ಕೋಲನ್ ಕಾಣುತ್ತದೆ, ವಿಂಡೋಸ್‌ಗೆ ಹೋದಾಗ ಸಿಕ್ಕಿಹಾಕಿಕೊಳ್ಳುತ್ತದೆ.

ಕೋಲನ್‌ನ ಅಪಾಯ ದೋಷ ಬರುವುದರಲ್ಲಿಲ್ಲ, ಬಾರದಿರುವುದರಲ್ಲಿದೆ. ವಿಂಡೋಸ್‌ನ ಸಾಮಾನ್ಯ ಫೈಲ್ ಸಿಸ್ಟಂ ಆದ ಎನ್‌ಟಿಎಫ್‌ಎಸ್ ಇರುವ ಡಿಸ್ಕ್‌ನಲ್ಲಿ ಪೈಥಾನ್‌ನಿಂದ "ಸ್ಕ್ಯಾನ್ 10:30.ಪಿಡಿಎಫ್" ಎಂದು ಬರೆಯಿರಿ. ದೋಷ ಇಲ್ಲ. ಫೋಲ್ಡರ್ ತೆರೆದರೆ "ಸ್ಕ್ಯಾನ್ 10" ಎಂಬ ಸೊನ್ನೆ ಬೈಟ್‌ನ ಫೈಲ್ ಕಾಣುತ್ತದೆ. ನಿಮ್ಮ ಪಿಡಿಎಫ್ ಆ ಫೈಲಿಗೆ ಅಂಟಿಕೊಂಡ ಇನ್ನೊಂದು ಡೇಟಾ ಸ್ಟ್ರೀಮ್‌ನಲ್ಲಿ ಕುಳಿತಿದೆ, ಎಕ್ಸ್‌ಪ್ಲೋರರ್ ಅದನ್ನು ತೋರಿಸುವುದಿಲ್ಲ. ಅದನ್ನು ಪೆನ್ ಡ್ರೈವ್‌ನ ಫ್ಯಾಟ್32ಕ್ಕೆ ಕಾಪಿ ಮಾಡಿದರೆ ಸ್ಟ್ರೀಮ್ ಅಲ್ಲಿಗೇ ಬಿಟ್ಟುಹೋಗುತ್ತದೆ. ಸಮಯವನ್ನು ಹೆಸರಿನಲ್ಲಿ ಹಾಕುವುದಾದರೆ 1030 ಎಂದು ಒತ್ತಾಗಿ ಬರೆಯಿರಿ.

ನಿಷಿದ್ಧ ಚಿಹ್ನೆಗಳನ್ನೆಲ್ಲ ಅಡ್ಡಗೆರೆ ಮಾಡಿಬಿಟ್ಟರೆ ಆಯಿತಲ್ಲ ಎನ್ನಬಹುದು. ಆಗ 114/2 ಮತ್ತು 114-2 ಒಂದೇ ಹೆಸರಾಗಿ, ಎರಡನೆಯದು ಮೊದಲನೆಯದರ ಮೇಲೆ ಬರೆದುಕೊಳ್ಳುತ್ತದೆ. ನನ್ನ ಸಲಹೆ: ಡಿಸ್ಕ್‌ನ ಹೆಸರಿನಲ್ಲಿ ಡೇಟಾಬೇಸ್‌ನ ಐಡಿ ಇರಲೇಬೇಕು. ಕಚೇರಿಯವರು ಫೋಲ್ಡರ್ ತೆರೆದು ಕಣ್ಣಿನಿಂದ ಹುಡುಕುತ್ತಾರೆ ಎಂದಾದರೆ ಐಡಿಯ ಪಕ್ಕ ತೊಳೆದ ಹೆಸರನ್ನೂ ಇಡಿ, "004512 ಸರ್ವೆ 114-2" ಎಂಬ ಹಾಗೆ. 114/*/2 ಎಂಬ ನಿಜವಾದ ಹೆಸರು ಡೇಟಾಬೇಸ್‌ನ ಬೇರೆ ಕಾಲಮ್‌ನಲ್ಲಿ ಇದ್ದ ಹಾಗೇ ಇರಲಿ, ಪರದೆಯ ಮೇಲೆ ಅದನ್ನೇ ತೋರಿಸಿ. ಐಡಿ ಮುಂದಿರುವುದರಿಂದ ಇನ್ನೊಂದು ಲಾಭ: ಕಾನ್, ನಲ್, ಆಕ್ಸ್, ಪಿಆರ್‌ಎನ್, ಕಾಮ್1 ಮುಂತಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ವಿಂಡೋಸ್ ತನಗೆಂದು ಕಾದಿರಿಸಿಕೊಂಡ ಹೆಸರುಗಳಿಗೆ ತಗುಲುವ ಭಯವೂ ಇಲ್ಲ.

ಇನ್ನು ಮ್ಯಾಕ್‌ನ ಫೈಲ್‌ಗಳು ಕಂಡರೂ ಸಿಗದಿರುವ ಕಥೆ. ಪಟ್ಟಿ ಮಾಡಿ ನೋಡಿದರೆ ಎಲ್ಲ ಜಿಲ್ಲೆಗಳ ಫೈಲ್‌ಗಳಿಗೂ ಈ ತೊಂದರೆ ಇರಲಾರದು. ಹಾಸನ, ಮಂಡ್ಯ, ತುಮಕೂರು, ಬೆಳಗಾವಿ ಸರಿಯಾಗಿ ಸಿಗುತ್ತವೆ. ಬೀದರ್, ಹಾವೇರಿ, ಮೈಸೂರು, ಕೊಡಗು, ಕೋಲಾರ ಸಿಗುವುದಿಲ್ಲ. ಕಾರಣ ಯೂನಿಕೋಡ್‌ನಲ್ಲಿ ಕನ್ನಡದ ಐದು ಸ್ವರ ಚಿಹ್ನೆಗಳನ್ನು ಎರಡು ರೀತಿ ಬರೆಯಬಹುದು. ೀ, ೇ, ೈ, ೊ, ೋ ಇವು ಒಂದೊಂದು ಸಂಕೇತವಾಗಿಯೂ ಇವೆ, ಬಿಡಿ ತುಂಡುಗಳ ಜೋಡಣೆಯಾಗಿಯೂ ಬರುತ್ತವೆ. ಓತ್ವವಂತೂ ಎತ್ವ, ಊತ್ವ, ದೀರ್ಘದ ಚಿಹ್ನೆ ಎಂದು ಮೂರು ತುಂಡಾಗುತ್ತದೆ. ಹಾಗಾಗಿ "ಕೋಲಾರ" ಒಂದು ರೂಪದಲ್ಲಿ 5 ಸಂಕೇತ, ಇನ್ನೊಂದರಲ್ಲಿ 7. ಪರದೆಯ ಮೇಲೆ ಎರಡೂ ಒಂದೇ. ಕೂಡಿದ ರೂಪಕ್ಕೆ ಎನ್‌ಎಫ್‌ಸಿ ಎಂದೂ ಬಿಡಿಸಿದ ರೂಪಕ್ಕೆ ಎನ್‌ಎಫ್‌ಡಿ ಎಂದೂ ಹೆಸರು.

ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಎಲ್ಲ ಹೆಸರನ್ನೂ ಬಿಡಿಸಿಯೇ ಇಡುತ್ತಿತ್ತು. ಈಗಿನ ಎಪಿಎಫ್‌ಎಸ್ ಕೊಟ್ಟಂತೆ ಇಟ್ಟುಕೊಳ್ಳುತ್ತದೆ, ಹುಡುಕುವಾಗ ಎರಡು ರೂಪವನ್ನೂ ಒಂದೇ ಎಂದು ಎಣಿಸುತ್ತದೆ; ಆದರೆ ಹೆಸರನ್ನು ಬಿಡಿಸಿ ಕೊಡುವ ಪ್ರೋಗ್ರಾಂಗಳು ಅಲ್ಲಿ ಇನ್ನೂ ಇವೆ. ನಿಮ್ಮ ಮ್ಯಾಕ್ ಬಳಸುವವರಿಗೆ ತೊಂದರೆಯೇ ಕಾಣದಿರಲು ಇದೇ ಕಾರಣ. ಲಿನಕ್ಸ್‌ನ ಎಕ್ಸ್‌ಟಿ4 ಮತ್ತು ವಿಂಡೋಸ್‌ನ ಎನ್‌ಟಿಎಫ್‌ಎಸ್ ಅಷ್ಟು ಉದಾರಿಗಳಲ್ಲ. ಅವುಗಳಿಗೆ ಇವು ಎರಡು ಬೇರೆ ಹೆಸರು. ಒಂದೇ ಫೋಲ್ಡರ್‌ನಲ್ಲಿ ಎರಡು "ಕೋಲಾರ" ಅಕ್ಕಪಕ್ಕ ಕೂರಬಹುದು.

ಪರಿಹಾರ: ಫೈಲ್ ಒಳಬರುವ ಬಾಗಿಲಲ್ಲೇ ಹೆಸರನ್ನು ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಸ್ ಫಂಕ್ಷನ್‌ನಿಂದ ಎನ್‌ಎಫ್‌ಸಿಗೆ ತನ್ನಿ. ಇಲ್ಲಿ ಹೆಚ್ಚಿನವರು ಎಡವುವುದು ಡೇಟಾಬೇಸ್ ಮಾತ್ರ ತಿದ್ದಿ ಡಿಸ್ಕ್ ಮರೆಯುವುದರಲ್ಲಿ. ಡಿಸ್ಕ್‌ನಲ್ಲಿ ಬಿಡಿಸಿದ ಹೆಸರು ಹಾಗೇ ಇದ್ದು ಡೇಟಾಬೇಸ್‌ನಲ್ಲಿ ಕೂಡಿದ ಹೆಸರು ಬಂದರೆ, ನಿನ್ನೆ ಸಿಗುತ್ತಿದ್ದ ಫೈಲ್ ಕೂಡ ಲಿನಕ್ಸ್‌ನಲ್ಲಿ ಇಂದು ಸಿಗುವುದಿಲ್ಲ. ಎರಡನ್ನೂ ಒಟ್ಟಿಗೆ ಬದಲಿಸಿ. ಫೋಲ್ಡರ್‌ಗಳನ್ನು ಒಳಗಿನಿಂದ ಹೊರಕ್ಕೆ, ಅಂದರೆ ಆಳದ್ದು ಮೊದಲು ಎಂಬ ಕ್ರಮದಲ್ಲಿ ಮರುಹೆಸರಿಸಿ, ಇಲ್ಲವಾದರೆ ಅರ್ಧ ದಾರಿಯಲ್ಲಿ ಪಾಥ್‌ಗಳು ತಪ್ಪುತ್ತವೆ. ಕೂಡಿದ ಹೆಸರಿನ ಫೋಲ್ಡರ್ ಆಗಲೇ ಇದ್ದರೆ ಮರುಹೆಸರಿಸದೆ ಒಳಗಿನ ಫೈಲ್‌ಗಳನ್ನು ಅದಕ್ಕೆ ಸರಿಸಬೇಕು.

ಎನ್‌ಎಫ್‌ಸಿ ಎಲ್ಲವನ್ನೂ ಸರಿ ಮಾಡುವುದಿಲ್ಲ. "ರೆಕಾರ್ಡ್‌ಗಳು" ಎಂಬಲ್ಲಿ ಒತ್ತಕ್ಷರ ಆಗದಂತೆ ತಡೆಯುವ ಕಾಣದ ಸಂಕೇತವೊಂದಿದೆ, ಝೀರೋ ವಿಡ್ತ್ ನಾನ್ ಜಾಯಿನರ್. ಒಬ್ಬರು ಟೈಪ್ ಮಾಡುವಾಗ ಹಾಕುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ತೋರಿಸುವ ಹೆಸರಿನಿಂದ ಅದನ್ನು ಕೀಳಬೇಡಿ, ಪದ ಕೆಡುತ್ತದೆ. ಹುಡುಕಲೆಂದು ಇನ್ನೊಂದು ಕಾಲಮ್ ಮಾಡಿ ಅಲ್ಲಿ ಕಿತ್ತು ಇಡಿ. ಹಾಗೆಯೇ ಕನ್ನಡ ಅಂಕಿ. ಪೈಥಾನ್‌ನ ಇಂಟ್ ಫಂಕ್ಷನ್ "೨೦೧೯" ಅನ್ನು 2019 ಎಂದು ಸಲೀಸಾಗಿ ಓದುವುದರಿಂದ ನಿಮ್ಮ ವರ್ಷದ ಪರೀಕ್ಷೆ ಪಾಸಾಗುತ್ತದೆ. ಆದರೆ ಬಳಕೆದಾರ ಕೊಟ್ಟ ಸ್ಟ್ರಿಂಗ್ ಅನ್ನೇ ಫೋಲ್ಡರ್ ಹೆಸರಾಗಿ ಬಳಸಿದರೆ ೨೦೧೯ ಮತ್ತು 2019 ಎರಡು ಫೋಲ್ಡರ್ ಆಗುತ್ತವೆ. ಪರೀಕ್ಷಿಸಿದ ಸಂಖ್ಯೆಯಿಂದ ಫೋಲ್ಡರ್ ಹೆಸರು ಕಟ್ಟಿ, ಬಂದ ಸ್ಟ್ರಿಂಗ್‌ನಿಂದಲ್ಲ.

ಉದ್ದದ ಲೆಕ್ಕವೂ ಕನ್ನಡಕ್ಕೆ ಬೇರೆ. ಒಂದು ಹೆಸರಿಗೆ ಎನ್‌ಟಿಎಫ್‌ಎಸ್ 255 ಸಂಕೇತ ಕೊಡುತ್ತದೆ, ಎಕ್ಸ್‌ಟಿ4 255 ಬೈಟ್ ಕೊಡುತ್ತದೆ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್, ಅಂದರೆ ಲಿನಕ್ಸ್‌ನಲ್ಲಿ ಒಂದು ಹೆಸರಿಗೆ 85 ಸಂಕೇತ ಮಾತ್ರ. ಸಂಕೇತ ಎಂದರೆ ನಾವು ಎಣಿಸುವ ಅಕ್ಷರವಲ್ಲ. "ಶ್ರೀರಂಗಪಟ್ಟಣ" ನಮ್ಮ ಲೆಕ್ಕದಲ್ಲಿ ಆರು ಅಕ್ಷರ, ಯೂನಿಕೋಡ್‌ನಲ್ಲಿ 12 ಸಂಕೇತ, ಡಿಸ್ಕ್‌ನಲ್ಲಿ 36 ಬೈಟ್. ಅದನ್ನು ಏಳು ಸಲ ಬರೆದರೆ ಹೆಸರು ತುಂಬಿತು. "ಶ್ರೀರಂಗಪಟ್ಟಣ ತಾಲ್ಲೂಕು ಇಂಥ ಗ್ರಾಮದ ಇಂಥವರ ಹಕ್ಕು ಬದಲಾವಣೆ ಅರ್ಜಿ ಮತ್ತು ಲಗತ್ತುಗಳು" ಎಂದು ವಿಂಡೋಸ್‌ನಲ್ಲಿ ನಿರಾಳವಾಗಿ ಇಟ್ಟ ಹೆಸರು, ಗ್ರಾಮದ ಮತ್ತು ವ್ಯಕ್ತಿಯ ಹೆಸರು ತುಂಬಿದ ಮೇಲೆ, ಸರ್ವರ್‌ನಲ್ಲಿ "ಫೈಲ್ ನೇಮ್ ಟೂ ಲಾಂಗ್" ಎಂದು ಬೀಳುತ್ತದೆ. ಹೋಮ್ ಫೋಲ್ಡರ್ ಅನ್ನು ಇಕ್ರಿಪ್ಟ್‌ಎಫ್‌ಎಸ್‌ನಿಂದ ಎನ್‌ಕ್ರಿಪ್ಟ್ ಮಾಡಿದ ಹಳೆಯ ಉಬುಂಟುವಿನಲ್ಲಿ ಮಿತಿ ಇನ್ನೂ ಕಡಿಮೆ, ಸುಮಾರು 143 ಬೈಟ್. ಕನ್ನಡದಲ್ಲಿ 47 ಸಂಕೇತ. ಹೆಸರಿನ ಕನ್ನಡ ಭಾಗವನ್ನು 40 ಸಂಕೇತಕ್ಕೆ ನಿಲ್ಲಿಸಿದರೆ ಐಡಿ, ವಿಸ್ತರಣೆ ಸೇರಿ ಎಲ್ಲ ಕಡೆ ಹಿಡಿಸುತ್ತದೆ. ಕತ್ತರಿಸುವಾಗ ಪದಗಳ ನಡುವೆ ಖಾಲಿ ಜಾಗ ಸಿಕ್ಕಲ್ಲಿ ಕತ್ತರಿಸಿ. ಹಲಂತದ ಮೇಲೆ ಕತ್ತರಿ ಬಿದ್ದರೆ "ಪಟ್ಟಣ" ಹೋಗಿ "ಪಟ್" ಉಳಿಯುತ್ತದೆ.

ವಿಂಡೋಸ್‌ನ ಬೇರೆ ಮಿತಿ ಇಡೀ ಪಾಥ್‌ಗೆ: 260 ಸಂಕೇತ, ಡ್ರೈವ್ ಅಕ್ಷರದಿಂದ ಹಿಡಿದು ಪಾಥ್ ಮುಗಿಯಿತೆಂದು ಸೂಚಿಸುವ ಕೊನೆಯ ಸೊನ್ನೆ ಸಂಕೇತದವರೆಗೆ ಸೇರಿ. ವಿಂಡೋಸ್ 10ರ 1607ನೇ ಆವೃತ್ತಿಯಿಂದ ರಿಜಿಸ್ಟ್ರಿಯಲ್ಲಿ ಲಾಂಗ್‌ಪಾತ್ಸ್‌ಎನೇಬಲ್ಡ್ ಎಂಬುದನ್ನು 1 ಮಾಡಿದರೆ ಇದು ಸಡಿಲವಾಗುತ್ತದೆ, ಆದರೆ ಪ್ರೋಗ್ರಾಂ ಕೂಡ ತನ್ನ ಮ್ಯಾನಿಫೆಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿರಬೇಕು. ಪೈಥಾನ್ 3.6ರಿಂದ ಕೊಟ್ಟಿದೆ. ನಿಮ್ಮ ಬಳಕೆದಾರರ ಬೇರೆ ತಂತ್ರಾಂಶಗಳು ಕೊಟ್ಟಿರಬೇಕೆಂದಿಲ್ಲ, ಹಾಗಾಗಿ ನಾನು ಆ ಸ್ವಿಚ್ ನಂಬಿ ಕೂರುವುದಿಲ್ಲ; ಬುಡದ ಕೆಳಗಿನ ಪಾಥ್ 150 ಸಂಕೇತ ದಾಟದಂತೆ ಪ್ರೋಗ್ರಾಂನಲ್ಲೇ ತಡೆಯುವುದು ವಾಸಿ.

ಪೈಥಾನ್ ತಾನಾಗಿ ವಿಂಡೋಸ್‌ನಲ್ಲಿ ಕನ್ನಡ ಪಾಥ್‌ಗಳನ್ನು ಸರಿಯಾಗಿ ತೆರೆಯುತ್ತದೆ. ತೆರೆಯದಿರುವುದು ಅದರ ಕೆಳಗಿನ ಸಿ, ಸಿ++ ಲೈಬ್ರರಿಗಳು. ವಿಂಡೋಸ್‌ನಲ್ಲಿ ಹಳೆಯ ಶೈಲಿಯ ಎಫ್‌ಓಪನ್ ಯಂತ್ರದ ಎಎನ್‌ಎಸ್‌ಐ ಕೋಡ್ ಪೇಜ್ (ಆಯಾ ಭಾಷೆಯ ಹಳೆಯ ಅಕ್ಷರ ಪಟ್ಟಿ) ಬಳಸುತ್ತದೆ. ಕನ್ನಡಕ್ಕೆ ಅಂಥ ಕೋಡ್ ಪೇಜ್ ಇಲ್ಲ. ವಿಂಡೋಸ್‌ಗೆ ಕನ್ನಡ ಯೂನಿಕೋಡ್‌ನಲ್ಲಿ ಮಾತ್ರ ಗೊತ್ತು. ಹಾಗಾಗಿ ಪ್ರತಿ ಕನ್ನಡ ಸಂಕೇತ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ, ಅದು ಫೈಲ್ ಹೆಸರಿನಲ್ಲಿ ನಿಷಿದ್ಧ, ಫೈಲ್ ತೆರೆಯುವುದಿಲ್ಲ. ಸ್ಕ್ಯಾನ್‌ಗಳನ್ನು ನೇರ ಮಾಡಲು ಓಪನ್‌ಸಿವಿ ಎಂಬ ಲೈಬ್ರರಿ ಬಳಸುತ್ತಿದ್ದರೆ ಅದರ ಐಎಮ್‌ರೀಡ್ ಇಂಥ ಪಾಥ್‌ಗೆ ದೋಷ ಎಸೆಯದೆ ಬರೀ "ನನ್" (ಏನೂ ಇಲ್ಲ ಎಂಬ ಮೌಲ್ಯ) ಹಿಂತಿರುಗಿಸುತ್ತದೆ, ಪ್ರೋಗ್ರಾಂ ಹತ್ತು ಸಾಲು ಮುಂದೆ ಬೇರೆಲ್ಲೋ ಬೀಳುತ್ತದೆ. ಪೈಥಾನ್‌ನಲ್ಲೇ ಫೈಲ್ ತೆರೆದು ಬೈಟ್‌ಗಳನ್ನು ಓದಿ, ನಂಪೈ ಅರೇ ಮಾಡಿ ಐಎಮ್‌ಡಿಕೋಡ್‌ಗೆ ಕೊಡಿ. ಪಟ್ಟಿಯನ್ನು ಪಠ್ಯ ಫೈಲಿಗೆ ಬರೆಯುವಾಗಲೂ ಓಪನ್‌ಗೆ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳಿ. ವಿಂಡೋಸ್‌ನಲ್ಲಿ ಈಗ ಬಳಕೆಯಲ್ಲಿರುವ ಹೆಚ್ಚಿನ ಪೈಥಾನ್ ಆವೃತ್ತಿಗಳು ಹೇಳದಿದ್ದರೆ ಯುಟಿಎಫ್-8 ಹಿಡಿಯುವುದಿಲ್ಲ.

ದೊಡ್ಡಕ್ಷರ ಸಣ್ಣಕ್ಷರದ ಗೋಜು ಕನ್ನಡಕ್ಕಿಲ್ಲ, ಆದರೆ ವಿಸ್ತರಣೆಗೆ ಇದೆ. ಕೆಲವು ಸ್ಕ್ಯಾನರ್‌ಗಳು ಪಿಡಿಎಫ್ ಎಂಬುದನ್ನು ದೊಡ್ಡಕ್ಷರದಲ್ಲಿ ಬರೆಯುತ್ತವೆ. ಸಣ್ಣಕ್ಷರ ಕೊಟ್ಟು ಗ್ಲಾಬ್‌ನಿಂದ (ಹೆಸರಿನ ನಮೂನೆ ಕೊಟ್ಟು ಫೈಲ್ ಹುಡುಕುವ ಫಂಕ್ಷನ್‌ನಿಂದ) ಹುಡುಕಿದರೆ ವಿಂಡೋಸ್‌ನಲ್ಲಿ ಸಿಗುವ ಫೈಲ್ ಲಿನಕ್ಸ್‌ನಲ್ಲಿ ಸಿಗುವುದಿಲ್ಲ. ಎಲ್ಲ ಫೈಲ್‌ಗಳನ್ನೂ ತೆಗೆದುಕೊಂಡು, ವಿಸ್ತರಣೆಯನ್ನು ಸಣ್ಣಕ್ಷರಕ್ಕೆ ತಂದು ಹೋಲಿಸಿ.

ಸೇವ್ ಮಾಡುವ ಕ್ರಮವನ್ನೂ ಒಮ್ಮೆ ನೋಡಿಕೊಳ್ಳಿ. ತಾತ್ಕಾಲಿಕ ಫೈಲ್ ಅನ್ನು ಗುರಿಯ ಫೋಲ್ಡರ್‌ನಲ್ಲೇ ಬರೆದು, ಮುಚ್ಚಿ, ಆಮೇಲೆ ಓಎಸ್.ರಿಪ್ಲೇಸ್ ಮಾಡಿ. ಓಎಸ್.ರಿನೇಮ್ ಲಿನಕ್ಸ್‌ನಲ್ಲಿ ಹಳೆಯ ಫೈಲಿನ ಮೇಲೆ ಬರೆಯುತ್ತದೆ, ವಿಂಡೋಸ್‌ನಲ್ಲಿ ದೋಷ ಕೊಡುತ್ತದೆ. ತಾತ್ಕಾಲಿಕ ಫೈಲ್ ಸಿಸ್ಟಂನ ಟೆಂಪ್ ಫೋಲ್ಡರ್‌ನಲ್ಲಿದ್ದು ಅದು ಬೇರೆ ಡಿಸ್ಕ್ ಆಗಿದ್ದರೆ ಎರಡೂ ಸೋಲುತ್ತವೆ. ಮುಚ್ಚದೆ ಹೋದರೆ ಲಿನಕ್ಸ್ ತಲೆ ಕೆಡಿಸಿಕೊಳ್ಳುವುದಿಲ್ಲ, ವಿಂಡೋಸ್ ದೋಷ 32 ಎಂದು ನಿಲ್ಲಿಸುತ್ತದೆ.

ಬುಡದ ಪಾಥ್ ಬರೆದಿಡುವ ಸೆಟ್ಟಿಂಗ್ಸ್ ಫೈಲ್ ಪ್ರೋಗ್ರಾಂ ಪಕ್ಕದಲ್ಲಿ ಬೇಡ. ವಿಂಡೋಸ್‌ನಲ್ಲಿ ಅದರ ಜಾಗ ಆ್ಯಪ್‌ಡೇಟಾ, ಲಿನಕ್ಸ್‌ನಲ್ಲಿ ಹೋಮ್ ಒಳಗಿನ .ಕಾನ್ಫಿಗ್, ಮ್ಯಾಕ್‌ನಲ್ಲಿ ಲೈಬ್ರರಿಯೊಳಗಿನ ಅಪ್ಲಿಕೇಶನ್ ಸಪೋರ್ಟ್. ಪ್ಲಾಟ್‌ಫಾರ್ಮ್‌ಡರ್ಸ್ ಎಂಬ ಪ್ಯಾಕೇಜ್ ಮೂರನ್ನೂ ಕೇಳಿ ಕೊಡುತ್ತದೆ. ಪ್ರೋಗ್ರಾಂ "ಈಗ ನಿಂತಿರುವ" ಡೈರೆಕ್ಟರಿಯನ್ನು ಎಲ್ಲೂ ನಂಬಬೇಡಿ; ಉಬುಂಟುವಿನಲ್ಲಿ ಸಿಸ್ಟಮ್‌ಡಿ ಸರ್ವೀಸ್ ಆಗಿ, ಅಂದರೆ ಹಿನ್ನೆಲೆಯಲ್ಲಿ, ಓಡಿಸಿದರೆ, ಬೇರೆ ಹೇಳದ ಹೊರತು, ಅದು ಇಡೀ ಫೈಲ್ ಸಿಸ್ಟಂನ ಬುಡವಾದ "/" ಆಗಿರುತ್ತದೆ. ವಿಂಡೋಸ್ ಸರ್ವೀಸ್‌ಗೆ ಸಿಸ್ಟಂ32.

ಇಷ್ಟನ್ನು ಬದಲಿಸಿದ ಮೇಲೆ ಪರೀಕ್ಷೆಗೆ ಒಂದು ಫೋಲ್ಡರ್ ಮಾಡಿ ರೆಪೊಸಿಟರಿಯ ಹೊರಗಿಡಿ, ಗಿಟ್‌ನಲ್ಲಿ ಇಟ್ಟರೆ ಇಂಥ ಕೆಲವು ಹೆಸರುಗಳು ಕೆಲವು ಸಿಸ್ಟಂಗಳಲ್ಲಿ ಸರಿಯಾಗಿ ಚೆಕ್‌ಔಟ್ ಆಗುವುದೇ ಇಲ್ಲ. ಪರೀಕ್ಷೆ ಶುರುವಾಗುವಾಗ ಸ್ಕ್ರಿಪ್ಟ್ ತಾನೇ ಫೈಲ್‌ಗಳನ್ನು ಸೃಷ್ಟಿಸಲಿ: ಬಿಡಿಸಿದ ರೂಪದ "ಕೋಲಾರ", ಕೂಡಿದ ರೂಪದ "ಕೋಲಾರ", ಹೆಸರಿನ ನಡುವೆ ಖಾಲಿ ಜಾಗ, ದೊಡ್ಡಕ್ಷರದ ವಿಸ್ತರಣೆ, 85 ಸಂಕೇತದ ಹೆಸರು ಒಂದು, 86ರದು ಒಂದು, ಮತ್ತು ಬಳಕೆದಾರ 114/*/2 ಎಂದು ಟೈಪ್ ಮಾಡಿದ ಒಂದು ದಾಖಲೆ. ಇದನ್ನು ಮೂರೂ ಸಿಸ್ಟಂಗಳಲ್ಲಿ ಓಡಿಸಿ, ಮ್ಯಾಕ್‌ನಲ್ಲಿ ಪಾಸಾಯಿತೆಂದು ಉಳಿದೆರಡನ್ನು ಬಿಡಬೇಡಿ. ಹಳೆಯ ಡೇಟಾಬೇಸ್‌ನ ಪೂರ್ತಿ ಪಾಥ್ ಕಾಲಮ್ ಅನ್ನು ಕೂಡಲೇ ಅಳಿಸದೆ ಇನ್ನೆರಡು ತಿಂಗಳು ಉಳಿಸಿಕೊಳ್ಳಿ. ಯಾವ ಬುಡಕ್ಕೂ ಸೇರದೆ ಉಳಿದ ಸಾಲುಗಳನ್ನು ಹುಡುಕಿ ಹಚ್ಚಲು ನಿಮ್ಮ ಬಳಿ ಇರುವ ಸುಳಿವು ಅದೊಂದೇ.